ಐದು ಮಿಲಿಮೀಟರ್ ತಗ್ಗಿಸುವ ಕಸುಬು

ಹೊಸ ರಿಮೋಟ್ ಕಾರನ್ನು ಜೋಡಿಸಿ ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿ. ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವೆ ಬೆರಳು ತೂರುವಷ್ಟು ಸಂದು. ಹಳ್ಳ ದಾಟಲು ಪಂಚೆ ಎತ್ತಿ ಕಟ್ಟಿದವರ ನಿಲುವು! ಈ ಸಂದನ್ನು ಕಿರಿದಾಗಿಸಿ ಬಾಡಿಯನ್ನು ಚಕ್ರಗಳ ಮೇಲೆ ಹದವಾಗಿ ಕೂರಿಸುವುದೇ ಒಂದು ಕಸುಬು. ಡಿಸೆಂಬರಿನಲ್ಲಿ ಸಂಜೆ 4ಕ್ಕೆ ಮೊದಲೇ ಸೂರ್ಯ ಮುಳುಗುವ ಲಂಡನ್ನಿನಲ್ಲಿ, ಊಟದ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿ ಕೂತು ಮಾಡಲು ಹೇಳಿಮಾಡಿಸಿದ ಕೆಲಸ.

ಕಲಿಯಲು ಒಳ್ಳೆಯ ಕಾರು ಜಪಾನಿನ ಟಮಿಯ ಕಂಪನಿಯ 1/10 ಅಳತೆಯ ಮಿನಿ ಕೂಪರ್. ಅದರ ಹೆಸರಿನಲ್ಲೇ ಲಂಡನ್ ಇದೆ. ಇಂದು ಗ್ರೇಟರ್ ಲಂಡನ್ನಿಗೆ ಸೇರಿರುವ ಸರ್ಬಿಟನ್‌ನ ಗ್ಯಾರೇಜಿನಲ್ಲಿ ಚಾರ್ಲ್ಸ್ ಕೂಪರ್ ಮತ್ತು ಮಗ ಜಾನ್ ಕೂಪರ್ ರೇಸ್ ಕಾರು ಕಟ್ಟುತ್ತಿದ್ದರು. ಎಂಜಿನ್ನನ್ನು ಚಾಲಕನ ಹಿಂದೆ ಇಟ್ಟದ್ದು ಅವರ ಜಾಣ್ಮೆ. ಸೀಟಿನ ಕೆಳಗೆ ಹಾದುಹೋಗುವ ಉದ್ದನೆಯ ಶಾಫ್ಟ್ ಇಲ್ಲವಾಯಿತು. ಚಾಲಕ ನೆಲಕ್ಕೆ ಹತ್ತಿರ ಕೂರುವಂತಾಯಿತು. 1959 ಮತ್ತು 1960ರಲ್ಲಿ ಜ್ಯಾಕ್ ಬ್ರಾಬಮ್ ಈ ಕಾರುಗಳಲ್ಲೇ ವಿಶ್ವ ಚಾಂಪಿಯನ್ ಆದರು. ಅಲೆಕ್ ಇಸಿಗೋನಿಸ್ ರೂಪಿಸಿದ ಪುಟ್ಟ ಮಿನಿಗೆ ಜಾನ್ ಕೈಯಾಡಿಸಿದ ಮೇಲೆ 1961ರಲ್ಲಿ ಮಿನಿ ಕೂಪರ್ ಬಂತು. 1964ರಲ್ಲಿ ಅದು ಮಾಂಟೆ ಕಾರ್ಲೊ ರ್‍ಯಾಲಿ ಗೆದ್ದಿತು.

ಇಂಥ ಆಟಿಕೆ ಕಾರುಗಳ ಬಾಡಿ ಹೆಚ್ಚಾಗಿ ತೆಳುವಾದ ಪ್ಲಾಸ್ಟಿಕ್ ಚಿಪ್ಪು. ಚಾಸಿಸ್‌ನಿಂದ ಮೇಲೆದ್ದ ಪೋಸ್ಟ್‌ಗಳು ಅದರ ರಂಧ್ರಗಳಲ್ಲಿ ತೂರಿ ನಿಲ್ಲುತ್ತವೆ. ಮೇಲೆ ಕ್ಲಿಪ್ ಸಿಕ್ಕಿಸುತ್ತಾರೆ. ಪೋಸ್ಟಿನಲ್ಲಿ ಒಂದರ ಕೆಳಗೊಂದು ತೂತುಗಳಿದ್ದರೆ, ಬಾಡಿಗೆ ಆಸರೆಯಾದ ಬಿಲ್ಲೆಯನ್ನೂ ಕ್ಲಿಪ್ಪನ್ನೂ ಒಂದು ತೂತು ಕೆಳಗಿಳಿಸಬೇಕು. ನಾಲ್ಕೂ ಮೂಲೆ ಸಮವಾಗಿರಬೇಕು. ಮೇಲೆ ಉಳಿದ ತುದಿಯನ್ನು ಕತ್ತರಿಸುವುದು ಕಡೆಗೆ, ಎಲ್ಲ ಸರಿಹೋದ ಮೇಲೆ.

ಈಗ ರಿಮೋಟಿನಿಂದ ಮುಂದಿನ ಚಕ್ರಗಳನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಬಾಡಿಯನ್ನು ಕೈಯಿಂದ ಒತ್ತಿ ನೋಡಬೇಕು. ಟೈರು ಉಜ್ಜುವ ಕಡೆ ಕಮಾನಿನ ಒಳಗೆ ಕಪ್ಪು ಗೆರೆ ಬೀಳುತ್ತದೆ. ಅಲ್ಲಷ್ಟೇ ಬಾಗಿದ ಕತ್ತರಿಯಿಂದ ಎಳೆಯಷ್ಟು ಕತ್ತರಿಸಿ ಉಪ್ಪುಕಾಗದದಿಂದ ನಯಗೊಳಿಸಬೇಕು. ಹೆಚ್ಚು ಕತ್ತರಿಸಿದರೆ ಮತ್ತೆ ಅಂಟಿಸಲಾಗದು.

ತಗ್ಗಿಸುವುದು ಅಂದಕ್ಕಷ್ಟೇ ಅಲ್ಲ. ಹುಲ್ಲನ್ನು ಎತ್ತರಕ್ಕೆ ಹೇರಿದ ಎತ್ತಿನ ಗಾಡಿ ತಿರುವಿನಲ್ಲಿ ಯಾಕೆ ಮಗುಚುತ್ತದೆಂದು ನಮ್ಮ ರೈತರಿಗೆ ಗೊತ್ತು. ಆದರೆ ಲೆಕ್ಕ ಪ್ರಾಮಾಣಿಕವಾಗಿರಲಿ. ಕಾರು 1,300 ಗ್ರಾಂ, ಅದರಲ್ಲಿ ಬಾಡಿ 130 ಗ್ರಾಂ ಎಂದುಕೊಳ್ಳಿ. ಬಾಡಿ 5 ಮಿ.ಮೀ. ಇಳಿದರೆ ಇಡೀ ಕಾರಿನ ಗುರುತ್ವಕೇಂದ್ರ ಇಳಿಯುವುದು ಅರ್ಧ ಮಿ.ಮೀ. ಮಾತ್ರ. ಉಳಿದದ್ದನ್ನು ಬ್ಯಾಟರಿಯನ್ನು ತಳಕ್ಕೆ ಕೂರಿಸಿ, ಸ್ಪ್ರಿಂಗ್ ಮೇಲಿನ ಬಳೆ ತೆಗೆದು ಗಳಿಸಬೇಕು. ಕಾರ್ಪೆಟ್ ಹಾಸಿದ ಒಳಾಂಗಣದಲ್ಲಿ ಓಡಿಸುವವರು ಧೈರ್ಯವಾಗಿ ಇಳಿಸಬಹುದು. ಟಾರು ರಸ್ತೆಯ ಉಬ್ಬುತಗ್ಗಿಗೆ ಅಷ್ಟಿಷ್ಟು ಜಾಗ ಬಿಡಲೇಬೇಕು.

ಭಾರ ಎಲ್ಲಿ ಕೂರಬೇಕು ಎಂಬುದೇ ಸರ್ಬಿಟನ್ನಿನ ಅಪ್ಪ-ಮಗ ಬಿಡಿಸಿದ ಒಗಟು. ಊಟದ ಮೇಜಿನ ಮುಂದೆ ಕತ್ತರಿ ಹಿಡಿದು ಕೂತ ಮಗುವಿನ ಮುಂದಿರುವುದೂ ಅದೇ ಒಗಟು, ಹತ್ತರಲ್ಲೊಂದು ಅಳತೆಯಲ್ಲಿ.