ಒಂದು ಗೀಟಿನ ಬೆಲೆ: ರೋಮ್‌ನ ಬೆಳ್ಳಿ ನಾಣ್ಯ ‘ಅಪರೂಪ’ ಆಗೋದು ಹೇಗೆ?

‘ಈ ಹಳೇ ನಾಣ್ಯ ನಿಮ್ಮ ಹತ್ರ ಇದ್ರೆ ನೀವು ಲಕ್ಷಾಧಿಪತಿ’ ಅನ್ನೋ ರೀಲ್ಸ್ ನೀವೂ ನೋಡಿರ್ತೀರಿ. ಅದನ್ನ ನಂಬಿ ದುಡ್ಡು ಕಳ್ಕೊಂಡೋರೂ ಇದ್ದಾರೆ. ಹಾಗಾಗಿ ಈ ಎಪಿಸೋಡ್‌ನಲ್ಲಿ ಒಂದೇ ಪ್ರಶ್ನೆ: ನಾಣ್ಯ ಅಪರೂಪ ಆಗೋದು ಯಾವುದರಿಂದ? ಉದಾಹರಣೆಗೆ ತಗೊಂಡಿರೋದು ಪ್ರಾಚೀನ ರೋಮ್‌ನ ಬೆಳ್ಳಿ ನಾಣ್ಯ, ಡೆನಾರಿಯಸ್.

ಡೆನಾರಿಯಸ್ ಶುರುವಾಗಿದ್ದು ಕ್ರಿ.ಪೂ. 211ರ ಸುಮಾರಿಗೆ, ರೋಮ್ ಮತ್ತು ಕಾರ್ತೇಜ್ ನಡುವೆ ಯುದ್ಧ ನಡೀತಿದ್ದಾಗ. ಆಮೇಲೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಅದೇ ರೋಮ್‌ನ ಮುಖ್ಯ ಬೆಳ್ಳಿ ನಾಣ್ಯ. ಸೈನಿಕರ ಸಂಬಳದ ಲೆಕ್ಕವೂ ಅದರಲ್ಲೇ. ಅಂದ್ಮೇಲೆ ಎಷ್ಟು ನಾಣ್ಯ ಹೊಡೆದಿರಬೇಕು, ಯೋಚ್ನೆ ಮಾಡಿ. ಅದಕ್ಕೇ 2,000 ವರ್ಷ ಹಳೇದು ಅಂದ ಮಾತ್ರಕ್ಕೆ ಡೆನಾರಿಯಸ್ ಅಪರೂಪ ಅಲ್ಲ. ಸವೆದ, ಸಾಮಾನ್ಯ ನಾಣ್ಯಗಳು ಯುರೋಪಿನ ಹರಾಜುಗಳಲ್ಲಿ ಒಂದು ಸಾಧಾರಣ ಸ್ಮಾರ್ಟ್‌ಫೋನ್‌ಗಿಂತ ಕಮ್ಮಿ ಬೆಲೆಗೆ ಹೋಗ್ತವೆ.

ಹಾಗಾದ್ರೆ ಸಂಗ್ರಾಹಕರು ಹುಡುಕೋದು ಏನನ್ನ? ಸಣ್ಣ ವ್ಯತ್ಯಾಸಗಳನ್ನ. ಆಗ ಅಚ್ಚುಗಳನ್ನ ಕೈಯಲ್ಲೇ ಕೆತ್ತುತ್ತಿದ್ರು. ಎರಡು ಅಚ್ಚುಗಳ ನಡುವೆ ಬೆಳ್ಳಿ ಬಿಲ್ಲೆ ಇಟ್ಟು ಸುತ್ತಿಗೆಯಿಂದ ಹೊಡೆದ್ರೆ ನಾಣ್ಯ ರೆಡಿ. ಅಚ್ಚು ಸವೆದ್ರೆ ಇನ್ನೊಂದು. ಹೊಸದರಲ್ಲಿ ಒಂದು ಅಕ್ಷರ, ಒಂದು ಚಿಹ್ನೆ ಬೇರೆ ಆಗ್ತಿತ್ತು; ಕೆಲವೊಮ್ಮೆ ಬೇಕಂತಲೇ ಬದಲಿಸ್ತಿದ್ರು.

ಇದಕ್ಕೆ ನನ್ನ ಫೇವರಿಟ್ ಉದಾಹರಣೆ ಮಾರ್ಕ್ ಆಂಟನಿಯ ನಾಣ್ಯ. ಹೌದು, ಕ್ಲಿಯೋಪಾತ್ರಾ ಕಥೆಯ ಅದೇ ಆಂಟನಿ. ಕ್ರಿ.ಪೂ. 32–31ರಲ್ಲಿ, ಆಕ್ಟಿಯಂ ಕದನಕ್ಕೆ ಮೊದಲು, ತನ್ನ ಸೈನಿಕರಿಗೆ ಕೊಡೋಕೆ ಅಂತ ಇದನ್ನ ಹೊಡೆಸಿದ. ಒಂದು ಕಡೆ ಯುದ್ಧದ ಹಡಗು. ಇನ್ನೊಂದು ಕಡೆ ಎರಡು ಧ್ವಜಗಳ ನಡುವೆ ಸೇನೆಯ ಹದ್ದು, ಕೆಳಗೆ ‘ಲೆಗ್’ ಅಂತ ಬರೆದು ಸೇನಾದಳದ ನಂಬರ್. ಎರಡನೇ ದಳದಿಂದ 23ನೇ ದಳದವರೆಗಿನ ನಾಣ್ಯಗಳು ಸಿಗ್ತವೆ. ಮೊದಲನೇ ದಳದ್ದು, ಅಂದ್ರೆ ‘ಲೆಗ್ ಪ್ರಿ’ ಅಂತ ಇರೋದು, ಬೆರಳೆಣಿಕೆಯಷ್ಟು. 19ನೇ ದಳದ ನಂಬರನ್ನ ಎರಡು ರೀತಿ ಕೆತ್ತಿದ್ದಾರೆ: ಒಂದರಲ್ಲಿ 15ರ ಮುಂದೆ ನಾಲ್ಕು ಗೀಟು, ಇನ್ನೊಂದರಲ್ಲಿ ಎರಡು ‘ಎಕ್ಸ್’ ನಡುವೆ ಒಂದು ಗೀಟು. ಮೈಕೆಲ್ ಕ್ರಾಫರ್ಡ್ 1974ರಲ್ಲಿ ಪ್ರಕಟಿಸಿದ ಕೆಟಲಾಗ್‌ನಲ್ಲಿ ಈ ಇಡೀ ಕುಟುಂಬಕ್ಕೆ 544 ಅನ್ನೋ ಒಂದೇ ನಂಬರ್. ಅದರೊಳಗೆ ಸಾಲು ಸಾಲು ಉಪನಂಬರ್‌ಗಳು.

ಈಗ ಕಾಮರ್ಸ್ ಓದಿದೋರಿಗೆ ಮಜಾ ಬರೋ ಭಾಗ. ಆಂಟನಿಯ ನಾಣ್ಯದಲ್ಲಿ ಬೆಳ್ಳಿ ಸ್ವಲ್ಪ ಕಮ್ಮಿ. ಗ್ರೆಷಮ್ ನಿಯಮ ನೆನಪಿದೆಯಾ? ಕೆಟ್ಟ ಹಣ ಒಳ್ಳೇ ಹಣವನ್ನ ಚಲಾವಣೆಯಿಂದ ಹೊರಗೆ ತಳ್ಳುತ್ತೆ. ಒಳ್ಳೇ ಬೆಳ್ಳಿಯನ್ನ ಜನ ಬಚ್ಚಿಟ್ರು, ಸರ್ಕಾರ ಕರಗಿಸ್ತು. ಆಂಟನಿಯದ್ದು ಕೈಯಿಂದ ಕೈಗೆ ಓಡಾಡ್ತಾ ಸುಮಾರು ಇನ್ನೂರು ವರ್ಷ ಉಳೀತು. ಅಷ್ಟು ದಿನ ಓಡಾಡಿದ್ರಿಂದ ಎಷ್ಟೋ ನಾಣ್ಯಗಳಲ್ಲಿ ಆ ನಂಬರೇ ಸವೆದು ಹೋಗಿದೆ.

ಮೋಸಕ್ಕೆ ದಾರಿ ಆಗೋದೂ ಇಲ್ಲೇ. ಬೆಲೆ ನಿಂತಿರೋದು ಒಂದೆರಡು ಗೀಟಿನ ಮೇಲೆ ಅಂದ್ರೆ, ಸಾಮಾನ್ಯ ನಾಣ್ಯದ ನಂಬರನ್ನ ಸೂಕ್ಷ್ಮ ಉಳಿಯಿಂದ ತಿದ್ದಿ ಅಪರೂಪ ಮಾಡಿಬಿಡಬಹುದು. ಇಲ್ಲಿ ಬೆಳ್ಳಿ ಅಸಲಿ, ತೂಕ ಅಸಲಿ, ನಂಬರ್ ಮಾತ್ರ ನಕಲಿ. ತೂಕದ ಯಂತ್ರ ಇದನ್ನ ಹಿಡಿಯಲ್ಲ. ಅದೇ ಅಚ್ಚಿನ ಬೇರೆ ನಾಣ್ಯದ ಫೋಟೋ ಪಕ್ಕ ಇಟ್ಟು, ಜೂಮ್ ಮಾಡಿ, ಅಕ್ಷರದ ಸುತ್ತ ಮೇಲ್ಮೈ ಕೆರೆದಿದೆಯಾ ಅಂತ ನೋಡ್ಬೇಕು. 24ರಿಂದ ಮೇಲಿನ ದಳದ ನಂಬರ್ ಇದ್ರಂತೂ ತಜ್ಞರು ಮೊದಲು ಅನುಮಾನವೇ ಪಡ್ತಾರೆ.

ಇನ್ನೊಂದು ಪ್ರಶ್ನೆ, ನಾಣ್ಯ ಬಂದಿದ್ದು ಎಲ್ಲಿಂದ? ಸೀಸರ್‌ನ ಕೊಂದ ಬ್ರೂಟಸ್, ಆ ಕೊಲೆಯ ನೆನಪಿಗೆ ಎರಡು ಕಠಾರಿ ಇರೋ ನಾಣ್ಯ ಹೊಡೆಸಿದ್ದ. ಬೆಳ್ಳಿಯಲ್ಲೇ ಅದು ಅಪರೂಪ. ಚಿನ್ನದಲ್ಲಿ ಇನ್ನೂ ಅಪರೂಪ. ಅಂಥ ಒಂದು ಚಿನ್ನದ ನಾಣ್ಯ 2020ರಲ್ಲಿ ಲಂಡನ್ ಹರಾಜಿನಲ್ಲಿ 30 ಲಕ್ಷ ಡಾಲರ್‌ಗೂ ಹೆಚ್ಚಿಗೆ ಹೋಯ್ತು. ಆಮೇಲೆ ಅದರ ಮಾಲೀಕತ್ವದ ಇತಿಹಾಸವೇ ಸುಳ್ಳು ಅಂತ ಗೊತ್ತಾಗಿ, 2023ರಲ್ಲಿ ಅದನ್ನ ಗ್ರೀಸ್‌ಗೆ ವಾಪಸ್ ಕೊಟ್ರು. ಕಾಗದಪತ್ರ ಸರಿ ಇಲ್ದಿದ್ರೆ ಅಸಲಿ ನಾಣ್ಯವೂ ಕೈತಪ್ಪುತ್ತೆ.

ನಮ್ಮಲ್ಲೂ ಡೆನಾರಿಯಸ್ ಸಿಕ್ಕಿದೆ. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ. ದಕ್ಷಿಣ ಭಾರತದಲ್ಲಿ ಸಿಕ್ಕಿರೋ ಡೆನಾರಿಯಸ್‌ಗಳಲ್ಲಿ ಹೆಚ್ಚಿನವು ಅಗಸ್ಟಸ್, ಟೈಬೀರಿಯಸ್ ಕಾಲದವು. ಕ್ರಿ.ಶ. 64ರಲ್ಲಿ ನೀರೋ ಬೆಳ್ಳಿ ಕಮ್ಮಿ ಮಾಡಿದ ಮೇಲೆ ನಮ್ಮ ವ್ಯಾಪಾರಿಗಳು ಹಳೇ ನಾಣ್ಯವನ್ನೇ ಇಷ್ಟಪಟ್ರು ಅನ್ನೋದು ಇತಿಹಾಸಕಾರರು ಕೊಡೋ ಒಂದು ವಿವರಣೆ. ಇಂಥ ನಿಧಿ ನೆಲದಲ್ಲಿ ಸಿಕ್ರೆ ಜಿಲ್ಲಾಡಳಿತಕ್ಕೆ ತಿಳಿಸ್ಲೇಬೇಕು. ನೂರು ವರ್ಷ ದಾಟಿದ ನಾಣ್ಯವನ್ನ ವಿದೇಶಕ್ಕೆ ಕಳಿಸೋ ಹಾಗಿಲ್ಲ, 1972ರ ಪ್ರಾಚ್ಯವಸ್ತು ಕಾಯ್ದೆ ಅದನ್ನ ತಡೆಯುತ್ತೆ. ಒಂದೇ ಮಡಕೆಯಲ್ಲಿ ಯಾವ ಯಾವ ನಾಣ್ಯ ಒಟ್ಟಿಗಿತ್ತು ಅನ್ನೋದೇ ಇತಿಹಾಸದ ಪುರಾವೆ. ಒಂದೊಂದಾಗಿ ಮಾರಿಬಿಟ್ರೆ ಆ ಪುರಾವೆ ಮತ್ತೆ ಸಿಗಲ್ಲ.

ಸೋ, ‘ಅಪರೂಪದ ನಾಣ್ಯ’ ಅಂತ ಯಾರಾದ್ರೂ ಮೆಸೇಜ್ ಕಳಿಸಿದ್ರೆ ಮೂರು ಪ್ರಶ್ನೆ ಕೇಳಿ. ಕೆಟಲಾಗ್ ನಂಬರ್ ಎಷ್ಟು? ಇದೇ ಅಚ್ಚಿನ ಇನ್ನೊಂದು ನಾಣ್ಯ ಎಲ್ಲಿದೆ? ಇಷ್ಟು ದಿನ ಇದು ಯಾರ ಹತ್ರ ಇತ್ತು? ಮೂರಕ್ಕೂ ನೆಟ್ಟಗೆ ಉತ್ತರ ಬರೋವರೆಗೂ ಯುಪಿಐ ಪಿನ್ ಒತ್ತಬೇಡಿ. ಮುಂದಿನ ವಾರ ಸಿಗೋಣ.