ಬುಲೆಟ್ ಮೇಲೆ ಗುಲಾಬಿ ರಿಬ್ಬನ್! ಬೈಕ್ ಹುಡುಗರ ಹೊಸ ‘ಹೀರೋಗಿರಿ’

ಡುಗ್... ಡುಗ್... ಡುಗ್... ಡುಗ್...!

ಅಕ್ಟೋಬರ್ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಆರು ಗಂಟೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಪಕ್ಕ ಟೀ ಕುಡಿಯುತ್ತಾ ನಿಂತಿದ್ದೆ. ಯಾವ ಹೀರೋನ ಎಂಟ್ರಿಯಪ್ಪಾ ಇದು ಅಂತ ತಿರುಗಿ ನೋಡಿದರೆ, ಒಬ್ಬನಲ್ಲ, ಅರವತ್ತು ಎಪ್ಪತ್ತು ಹೀರೋಗಳು! ಬುಲೆಟ್ಟು, ಜಾವಾ, ಎಜ್ಡಿ, ಹೊಸ ಕಾಲದ ಫಳಫಳ ಗಾಡಿಗಳು. ಕಪ್ಪು ಜರ್ಕಿನ್ನು, ಕಪ್ಪು ಕನ್ನಡಕ, ಎದೆಯುದ್ದ ಗಡ್ಡ. ಅವರ ನಡುವೆ ಹತ್ತು ಹನ್ನೆರಡು ಹೆಣ್ಣುಮಕ್ಕಳೂ ಇದ್ದರು. ಹಿಂದಿನ ಸೀಟಲ್ಲಲ್ಲ ಸ್ವಾಮಿ, ಹ್ಯಾಂಡಲ್ ಹಿಡಿದು!

ಆದರೆ ನನ್ನ ಕಣ್ಣು ನೆಟ್ಟದ್ದು ಬೇರೆ ಕಡೆ. ಆ ಗಡ್ಡದ ಭೂಪರ ಹ್ಯಾಂಡಲ್‌ಗೆಲ್ಲಾ ಗುಲಾಬಿ ಬಣ್ಣದ ರಿಬ್ಬನ್! ನನಗೆ ನಗು ತಡೆಯಲಾಗಲಿಲ್ಲ. ಅಲ್ಲೇ ನಿಂತಿದ್ದ ಹುಡುಗನೊಬ್ಬ ಬೆನ್ನ ಮೇಲಿನ ಬರಹ ತೋರಿಸಿದ: ‘ಸ್ತನ ಕ್ಯಾನ್ಸರ್ ಜಾಗೃತಿ ಸವಾರಿ.’

ನಗು ಗಂಟಲಲ್ಲೇ ನಿಂತಿತು. ಯಾಕೆ ಅಂತ ಆಮೇಲೆ ಹೇಳ್ತೀನಿ.

ಈ ರಿಬ್ಬನ್ ಬಂದದ್ದೆಲ್ಲಿಂದ?

ಇದಕ್ಕೂ ಸಿನಿಮಾದಂಥ ಒಂದು ಕಥೆಯಿದೆ. 1990ರ ದಶಕದ ಆರಂಭ. ಅಮೆರಿಕದ ಚಾರ್ಲೊಟ್ ಹೇಲಿ ಎಂಬಾಕೆ ತನ್ನ ಮನೆಯಲ್ಲೇ ಕೂತು ಪೀಚ್ ಹಣ್ಣಿನ ಬಣ್ಣದ ರಿಬ್ಬನ್ ಕಟ್ಟಿ ಹಂಚುತ್ತಿದ್ದರು. ಕ್ಯಾನ್ಸರಿಗೆಂದು ಸರ್ಕಾರ ತೆಗೆದಿಡುವ ಕೋಟಿಗಟ್ಟಲೆ ಡಾಲರಿನಲ್ಲಿ ರೋಗ ತಡೆಯಲು ಹೋಗುವುದು ನೂರಕ್ಕೆ ಐದು ಮಾತ್ರ ಎಂಬ ಚೀಟಿಯನ್ನೂ ಜೊತೆಗಿಡುತ್ತಿದ್ದರು. 1992ರಲ್ಲಿ ‘ಸೆಲ್ಫ್’ ಎಂಬ ಪತ್ರಿಕೆಯವರು, ಸೌಂದರ್ಯ ಸಾಧನಗಳ ದೊಡ್ಡ ಕಂಪನಿಯ ಎವೆಲಿನ್ ಲಾಡರ್ ಜೊತೆ ಸೇರಿ, ‘ನಿಮ್ಮ ರಿಬ್ಬನ್ ನಮಗೆ ಕೊಡಿ’ ಅಂತ ಕೇಳಿದರು. ‘ನಿಮ್ಮದು ವ್ಯಾಪಾರ, ಕೊಡೋದಿಲ್ಲ’ ಅಂದುಬಿಟ್ಟರು ಆಕೆ! ವಕೀಲರು ಬಣ್ಣ ಬದಲಾಯಿಸಿ ಎಂದು ಉಪಾಯ ಹೇಳಿದರು. ಪೀಚ್ ಹೋಗಿ ಗುಲಾಬಿ ಬಂತು. ಅದೇ ಇವತ್ತು ಲೋಕವೆಲ್ಲಾ ಹಬ್ಬಿದೆ.

ಅದನ್ನು ಬೈಕಿಗೆ ಕಟ್ಟಿದ ಮೊದಲಿಗರಲ್ಲೂ ಹೆಂಗಸರಿದ್ದಾರೆ. ಅಮೆರಿಕದಲ್ಲಿ ಸ್ಯೂ ಸ್ಲೇಟ್ ಮತ್ತು ಜಿನ್ ಶಿಯರ್ ಕಟ್ಟಿದ ಮಹಿಳಾ ಬೈಕ್ ಸವಾರರ ಸಂಸ್ಥೆಯೊಂದಿದೆ. ಅದು 1996ರಲ್ಲಿ ‘ಪೋನಿ ಎಕ್ಸ್‌ಪ್ರೆಸ್’ ಹೆಸರಿನ ಸವಾರಿ ಹೊರಡಿಸಿತು. ಕೌಬಾಯ್ ಚಿತ್ರಗಳಲ್ಲಿ ಟಪಾಲು ಹೊತ್ತ ಕುದುರೆ ಸವಾರರನ್ನು ನೋಡಿದ್ದೀರಲ್ಲ, ಅದೇ ಪೋನಿ ಎಕ್ಸ್‌ಪ್ರೆಸ್! ಇಲ್ಲಿ ಕುದುರೆ ಬದಲು ಮೋಟಾರ್ ಸೈಕಲ್ಲು, ಟಪಾಲಿನ ಬದಲು ಸ್ತನ ಕ್ಯಾನ್ಸರ್ ಸಂಶೋಧನೆಗೆ ಎತ್ತಿದ ಹಣ.

ಶೋಲೆ ಬೆಟ್ಟದ ಕಡೆಗೆ...

ನಮ್ಮ ಸವಾರಿ ಹೊರಟದ್ದು ರಾಮನಗರಕ್ಕೆ. ನನ್ನ ಹತ್ತಿರ ಇರುವುದು ಹಳೇ ಸ್ಪ್ಲೆಂಡರ್. ಆ ಆನೆಗಳ ಹಿಂದೆ ಇಲಿಯ ಹಾಗೆ ನಾನೂ ಹೊರಟೆ. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಬೈಕಿನವರನ್ನು ಬಿಡೋದಿಲ್ಲವಲ್ಲ, ಪಕ್ಕದ ರಸ್ತೆಯಲ್ಲೇ ಪಯಣ. ಒಬ್ಬರೂ ಅಡ್ಡಾದಿಡ್ಡಿ ಓಡಿಸಲಿಲ್ಲ, ವ್ಹೀಲಿಂಗ್ ಹುಚ್ಚಾಟ ಇಲ್ಲ. ಎರಡೆರಡು ಸಾಲು, ಎಲ್ಲರ ತಲೆ ಮೇಲೂ ಹೆಲ್ಮೆಟ್.

ಬಿಡದಿಯಲ್ಲಿ ತಟ್ಟೆ ಇಡ್ಲಿಗೆ ಗಾಡಿ ನಿಂತವು. ನನ್ನ ಎದುರಿಗೆ ಕೂತವರು ಎಜ್ಡಿ ತಂದಿದ್ದ ಒಬ್ಬ ಮೆಕ್ಯಾನಿಕ್. ಐವತ್ತು ದಾಟಿದ ಆಸಾಮಿ, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ‘ಹೆಸರು ಹಾಕಬೇಡಿ’ ಅಂತ ಮೊದಲೇ ಮಾತು ತಗೊಂಡರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಅಲ್ಲಿನ ಗಾಡಿಗಳನ್ನು ಬದುಕಿಸಿಕೊಂಡು ಬಂದ ಕೈ ಅದು.

ನನ್ನ ಬಾಯಿ ಸುಮ್ಮನಿರಬೇಕಲ್ಲ! ಕೇಳಿಯೇಬಿಟ್ಟೆ.

“ಅಣ್ಣಾ, ಬೈಕ್ ಸದ್ದಿಗೆ ಕ್ಯಾನ್ಸರ್ ಹೆದರಿ ಓಡಿಹೋಗುತ್ತಾ?”

ಅವರು ಸಿಟ್ಟಾಗಲಿಲ್ಲ. ಚಟ್ನಿ ಹಚ್ಚಿಕೊಳ್ಳುತ್ತಾ ಹೇಳಿದರು:

“ಕ್ಯಾನ್ಸರ್ ಹೆದರಲ್ಲ ತಮ್ಮಾ. ಆದ್ರೆ ಜನ ತಿರುಗಿ ನೋಡ್ತಾರೆ. ನೋಡಿದೋರು ರಿಬ್ಬನ್ ಯಾಕೆ ಅಂತಾರೆ. ಕೇಳಿದ ಮೇಲೆ ಹೇಳಬೋದಲ್ಲ? ಗ್ಯಾರೇಜಲ್ಲಿ ದಿನಾ ನೋಡ್ತೀನಿ. ಇಂಜಿನ್ನಲ್ಲಿ ಸೂಜಿಯಷ್ಟು ಸದ್ದು ಬಂದ್ರೆ ಹುಡುಗ್ರು ರಾತ್ರೋರಾತ್ರಿ ಗಾಡಿ ತಂದು ನಿಲ್ಲಿಸ್ತಾರೆ. ಮನೇಲಿ ತಾಯಿ ಆರು ತಿಂಗಳಿಂದ ಒಂದು ಕೈ ಎತ್ತಕ್ಕೆ ಒದ್ದಾಡ್ತಿದ್ರೆ ಗೊತ್ತೇ ಆಗಲ್ಲ. ನನಗೂ ಗೊತ್ತಾಗಲಿಲ್ಲ. ನನ್ನ ಹೆಂಡ್ತಿ...”

ಮಾತು ಮುಗಿಸಲಿಲ್ಲ. ಇಡ್ಲಿ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದುಹೋದರು.

ಅಷ್ಟರಲ್ಲಿ ಸವಾರರ ಜೊತೆ ಬಂದಿದ್ದ ಲೇಡಿ ಡಾಕ್ಟರು ಹೋಟೆಲಿನ ಮುಂದೆ ನಿಂತು ಮಾತಾಡತೊಡಗಿದರು. ಭಾಷಣವಲ್ಲ, ಮನೆ ಮಾತು. ಎದೆಯಲ್ಲೋ ಕಂಕುಳಲ್ಲೋ ಗಂಟು ಸಿಕ್ಕರೆ, ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾದರೆ, ತೊಟ್ಟು ಒಳಗೆ ಸೇರಿದರೆ, ರಕ್ತ ಒಸರಿದರೆ ಕೂಡಲೇ ತೋರಿಸಬೇಕು. “ನೋವಿಲ್ಲ ಅಂತ ಸುಮ್ಮನಿರಬೇಡಿ. ಶುರುವಿನಲ್ಲಿ ಎಷ್ಟೋ ಗಂಟುಗಳಿಗೆ ನೋವೇ ಇರೋದಿಲ್ಲ. ಗಂಟೆಲ್ಲಾ ಕ್ಯಾನ್ಸರೂ ಅಲ್ಲ. ಅದನ್ನ ಹೇಳಬೇಕಾದ್ದು ಪರೀಕ್ಷೆ, ಪಕ್ಕದ ಮನೆಯವರಲ್ಲ” ಅಂದರು. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಸೂಜಿ ಹಾಕಿ ಬಯಾಪ್ಸಿ ಮಾಡಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋದು ಶುದ್ಧ ಸುಳ್ಳು.

ಮಾತು ಮುಗಿದ ಮೇಲೆ ನಾನು ನೋಡಿದ್ದನ್ನು ನೀವೂ ನೋಡಬೇಕಿತ್ತು. ತಟ್ಟೆ ತೊಳೆಯುತ್ತಿದ್ದ ಹೆಂಗಸೊಬ್ಬರು ಸೆರಗಿಗೆ ಕೈ ಒರೆಸಿಕೊಂಡು ಬಂದು, ಡಾಕ್ಟರ ಕಿವಿಯಲ್ಲಿ ಏನೋ ಅಂದರು. ಇಬ್ಬರೂ ಅಡಿಗೆ ಮನೆ ಹಿಂದಕ್ಕೆ ಹೋದರು. ಹತ್ತು ನಿಮಿಷ. ಅರವತ್ತು ಬೈಕುಗಳು ಸದ್ದಿಲ್ಲದೆ ಕಾದವು. ಒಬ್ಬನೂ ಹಾರನ್ ಮಾಡಲಿಲ್ಲ. ಡಾಕ್ಟರು ಹೊರಗೆ ಬಂದು ಚೀಟಿಯೊಂದನ್ನು ಬರೆದು ಆಕೆಯ ಕೈಗಿಟ್ಟರು. ಹಿಂದೆ ಬಂದ ಹುಡುಗರು ಆಕೆಯ ಮಗನ ಫೋನ್ ನಂಬರ್ ಕೇಳಿ ಬರೆದುಕೊಂಡರು. ಸವಾರಿಯ ಚಂದಾ ತಲೆಗೆ ಐನೂರು ರೂಪಾಯಿ. ಆ ಹಣ ಇಂಥವರ ಪರೀಕ್ಷೆಯ ಖರ್ಚಿಗೆ. ನಾನು ಕೇಳಿದ್ದಕ್ಕೆ ರಸೀದಿ ಪುಸ್ತಕವನ್ನೂ ತೋರಿಸಿದರು.

ಸ್ಟಾರ್‌ಗಳನ್ನೂ ಬಿಟ್ಟಿಲ್ಲ

ಅಂಬರೀಶ್ ಜೊತೆ ‘ಏಳು ಸುತ್ತಿನ ಕೋಟೆ’ಯಲ್ಲಿ (1988) ನಟಿಸಿದ ಗೌತಮಿ ನೆನಪಿದ್ದಾರಾ? ಅವರಿಗೆ 35ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರ್ ಕಾಣಿಸಿತು. ಗಂಟನ್ನು ತಾವೇ ಗುರುತಿಸಿಕೊಂಡರು. ಚಿಕಿತ್ಸೆ ಪಡೆದು ಗೆದ್ದು, ಬೇರೆ ರೋಗಿಗಳಿಗಾಗಿ ‘ಲೈಫ್ ಅಗೈನ್’ ಎಂಬ ಸಂಸ್ಥೆಯನ್ನೇ ಕಟ್ಟಿದರು.

‘ಹೆಂಗಸರ ರೋಗ, ನಮಗ್ಯಾಕೆ ಗುರೂ?’ ಅನ್ನುವವರಿಗೆ ಇನ್ನೊಂದು ಸುದ್ದಿ. 1971ರ ‘ಶಾಫ್ಟ್’ ಚಿತ್ರದ ಹೀರೋ ರಿಚರ್ಡ್ ರೌಂಡ್‌ಟ್ರೀ, ಹಾಲಿವುಡ್ಡಿನ ಗಂಡೆದೆಯ ನಾಯಕ. 1993ರಲ್ಲಿ ಆತನಿಗೇ ಸ್ತನ ಕ್ಯಾನ್ಸರ್! ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಧೈರ್ಯವಾಗಿ ಎಲ್ಲರಿಗೂ ಹೇಳಿಕೊಂಡ. ಮತ್ತೆ ಮೂವತ್ತು ವರ್ಷ ಬದುಕಿ, ನಟಿಸಿ, 2023ರಲ್ಲಿ ತೀರಿಕೊಂಡ. ಈ ರೋಗ ಬಂದ ನೂರು ಜನರಲ್ಲಿ ಸುಮಾರು ಒಬ್ಬ ಗಂಡಸೇ ಇರುತ್ತಾನೆ.

ಉಳಿದವರು? ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. 2022ರ ಅಂದಾಜಿನ ಪ್ರಕಾರ ಒಂದೇ ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಂದಿಗೆ ಹೊಸದಾಗಿ ಬಂದಿದೆ. ಸುಮಾರು 98 ಸಾವಿರ ಮಂದಿ ಸತ್ತಿದ್ದಾರೆ. ನಮ್ಮಲ್ಲಿ ಎಷ್ಟೋ ಜನ ಆಸ್ಪತ್ರೆ ಮೆಟ್ಟಿಲು ಹತ್ತುವ ಹೊತ್ತಿಗೇ ರೋಗ ಬಲಿತಿರುತ್ತದೆ.

ಅವರಲ್ಲಿ ಒಬ್ಬಳು ನಮ್ಮವ್ವ

ಈಗ ಹೇಳ್ತೀನಿ, ನನ್ನ ನಗು ಯಾಕೆ ನಿಂತಿತು ಅಂತ.

ಹತ್ತು ವರ್ಷದ ಹಿಂದಿನ ಮಾತು. ನಾನಾಗ ಸೆಕೆಂಡ್ ಪಿ.ಯು.ಸಿ. ಮಂಡ್ಯದ ಹತ್ತಿರ ನಮ್ಮೂರು. ಗೆಳೆಯನ ಬೈಕು ನನ್ನ ಕೈಯಲ್ಲೇ ಇರುತ್ತಿತ್ತು. ಹೊಸ ಚಿತ್ರ ಬಂತು ಅಂದರೆ ಮೊದಲ ದಿನ ಮೊದಲ ಆಟ. ಕಟೌಟಿಗೆ ಹಾಲು ಸುರಿಯಲು ಮಂಡ್ಯಕ್ಕೆ ಹಾರಿದ್ದೇ ಹಾರಿದ್ದು!

ಅವ್ವನ ಎದೆಯಲ್ಲಿ ಗಂಟಿತ್ತು. ಅಪ್ಪ ಇರಲಿಲ್ಲ. ಅಕ್ಕ ಗಂಡನ ಮನೆಯಲ್ಲಿ. ಮನೆಯಲ್ಲಿದ್ದ ಒಬ್ಬನೇ ಗಂಡುಮಗನಿಗೆ ಇದನ್ನು ಹೇಗೆ ಹೇಳೋದು? ನಾಚಿಕೆ. ಅರಿಶಿನ ಹಚ್ಚಿಕೊಂಡಳು, ಯಾವುದೋ ಸೊಪ್ಪು ಕಟ್ಟಿಕೊಂಡಳು. ಒಂದು ದಿನ ಬಸ್ಸು ಹತ್ತಿ ಒಬ್ಬಳೇ ಒಂದು ಕ್ಲಿನಿಕ್ಕಿಗೆ ಹೋಗಿದ್ದಳಂತೆ. ಅಲ್ಲಿ ಮುಟ್ಟಿಯೂ ನೋಡದೆ ಮಾತ್ರೆ ಕೊಟ್ಟು ಕಳಿಸಿದರಂತೆ. ನನಗೆ ಗೊತ್ತಾದದ್ದು ಹುಣ್ಣು ಒಡೆದು ವಾಸನೆ ಬಂದಾಗ. ಬೆಂಗಳೂರಿನ ದೊಡ್ಡಾಸ್ಪತ್ರೆಯ ಡಾಕ್ಟರು ಕೇಳಿದ್ದು ಒಂದೇ ಮಾತು: “ಇಷ್ಟು ದಿನ ಎಲ್ಲಿದ್ರಿ?”

ನಾನೆಲ್ಲಿದ್ದೆ? ಥಿಯೇಟರಿನ ಕ್ಯೂನಲ್ಲಿದ್ದೆ.

ಪರೀಕ್ಷೆಗೆ ಕೂರಲಿಲ್ಲ. ಕಾಲೇಜು ಅಲ್ಲಿಗೇ ಮುಗಿಯಿತು, ಆ ವರ್ಷವೇ ಅವ್ವನೂ ಹೋದಳು. ಗೆಳೆಯನ ಬೈಕಿನಲ್ಲಿ ಊರೆಲ್ಲಾ ಸುತ್ತಿಸಿದವನು ಅವ್ವನನ್ನು ಒಂದು ಸಲವೂ ಹಿಂದೆ ಕೂರಿಸಿಕೊಂಡಿರಲಿಲ್ಲ.

ಕೊನೇ ದೃಶ್ಯ

ರಾಮನಗರದ ಬೆಟ್ಟದ ಬುಡದಲ್ಲಿ ಸವಾರಿ ಮುಗಿಯಿತು. ‘ಶೋಲೆ’ಯ (1975) ಗಬ್ಬರ್ ಸಿಂಗ್ ಅಬ್ಬರಿಸಿದ ಬಂಡೆಗಳ ಎದುರು ಎಲ್ಲರೂ ಫೋಟೋಗೆ ನಿಂತರು. ಜೈ–ವೀರು ಸವಾರಿ ಮಾಡಿದ ಸೈಡ್‌ಕಾರ್ ಗಾಡಿಯ ಮಾತೂ ಬಂತು. ನಾನು ಫೋಟೋಗೆ ನಿಲ್ಲಲಿಲ್ಲ. ಸ್ಪ್ಲೆಂಡರಿಗೆ ಕಿಕ್ ಹೊಡೆದವನು ಬೆಂಗಳೂರಿಗೆ ತಿರುಗಿಸದೆ ಮಂಡ್ಯದ ದಾರಿ ಹಿಡಿದೆ. ಅಕ್ಕನ ಮನೆಗೆ.

ಅಕ್ಕನಿಗೆ ಈಗ ಮೂವತ್ತಾರು. ತಾಯಿಗೆ ಬಂದಿದ್ದರೆ ಮಕ್ಕಳು ಹೆಚ್ಚು ಎಚ್ಚರದಿಂದಿರಬೇಕು ಅಂತ ಡಾಕ್ಟರು ಹೇಳಿದ್ದರಲ್ಲ. ಹೇಗೆ ಮಾತು ತೆಗೆಯೋದು ಅಂತ ದಾರಿಯುದ್ದಕ್ಕೂ ಡೈಲಾಗ್ ಬಾಯಿಪಾಠ ಮಾಡಿಕೊಂಡು ಹೋದವನು, ಅವಳನ್ನು ನೋಡಿದ್ದೇ ಎಲ್ಲಾ ಮರೆತೆ. “ಅಕ್ಕಾ, ಅವ್ವನಿಗೆ ಬಂದಿದ್ದು... ನೀನೂ ಒಂದ್ಸಲ ತೋರಿಸ್ಕೊ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ನಾನೇ ಹೇಳಣ ಅಂತಿದ್ದೆ ಕಣ್ಲಾ. ನಿಮ್ಮ ಭಾವನಿಗೆ ಹೇಳಕ್ಕೆ ಒಂಥರಾ ಆಗದು.”

ಮಾರನೇ ದಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಕರಕೊಂಡು ಹೋದೆ. ಮೂವತ್ತು ದಾಟಿದ ಹೆಂಗಸರ ಎದೆ ಪರೀಕ್ಷೆ ಅಲ್ಲಿ ದುಡ್ಡಿಲ್ಲದೆ ಮಾಡುತ್ತಾರೆ. ಕ್ಯಾನ್ಸರೇ ಆದರೂ, ಬಿ.ಪಿ.ಎಲ್. ಕಾರ್ಡಿನ ಮನೆಯವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವುಂಟು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆಯಿದೆ. ಇದನ್ನೆಲ್ಲಾ ಹತ್ತು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ...

ಹೋಗಲಿ ಬಿಡಿ.

ನರ್ಸಮ್ಮ ಪರೀಕ್ಷೆ ಮಾಡಿ, ಡಾಕ್ಟರಿಗೂ ತೋರಿಸಿ, “ಸದ್ಯಕ್ಕೇನೂ ಇಲ್ಲ. ತಾಯಿಗಿತ್ತು ಅಂತೀರಿ, ಜಿಲ್ಲಾಸ್ಪತ್ರೆಯಲ್ಲಿ ಒಂದ್ಸಲ ಸ್ಕ್ಯಾನ್ ಮಾಡಿಸಿ” ಅಂದರು. ತಾರೀಖು ಬರೆಸಿಕೊಂಡು ಬಂದೆವು. ಬರುವಾಗ ಅಕ್ಕ ಹಿಂದೆ ಕೂತು ನನ್ನ ಭುಜ ಗಟ್ಟಿಯಾಗಿ ಹಿಡಿದು, “ನಿಧಾನಕ್ಕೆ ಓಡಿಸ್ಲಾ, ನಿನ್ನ ಸಿನಿಮಾ ಅಲ್ಲ ಇದು” ಅಂತ ಬೈದಳು. ಆಮೇಲೆ ಮಲ್ಲಿಗೆ ಹೂವು ಕೊಡಿಸ್ಕೊಂಡಳು!

ಗೆಳೆಯರೇ, ನಮ್ಮ ಅಪ್ಪು 2021ರ ಅಕ್ಟೋಬರಿನಲ್ಲಿ ಅಗಲಿದಾಗ ಅವರ ಕಣ್ಣು ದಾನವಾಯಿತು. ಅದನ್ನು ಕಂಡು ಎಷ್ಟೊಂದು ಅಭಿಮಾನಿಗಳು ಸಾಲುಗಟ್ಟಿ ನಿಂತು ನೇತ್ರದಾನಕ್ಕೆ ಹೆಸರು ಬರೆಸಿದರು! ಒಳ್ಳೇ ಕೆಲಸ ಅಂದರೆ ನಾವು ಹಿಂದೆ ಬೀಳುವವರಲ್ಲ. ಇದೂ ಅಂಥದ್ದೇ. ಗುಲಾಬಿ ರಿಬ್ಬನ್ ಇಲ್ಲದಿದ್ದರೂ ಚಿಂತೆಯಿಲ್ಲ, ಐವತ್ತು ಬೈಕಿನ ಮೆರವಣಿಗೆಯೂ ಬೇಡ. ಒಂದು ಗಾಡಿ, ಹಿಂದೆ ಒಂದು ಸೀಟು, ಎರಡು ಹೆಲ್ಮೆಟ್ ಸಾಕು.

ಈ ಪತ್ರಿಕೆ ಮಡಿಸಿ ಜೇಬಿಗಿಟ್ಟುಕೊಂಡು ಇವತ್ತು ಮನೆಗೆ ಹೋದಾಗ ಅವ್ವನನ್ನೋ ಅಕ್ಕನನ್ನೋ ಒಂದು ಮಾತು ಕೇಳಿ. ನಾಚಿಕೆ ಆಗುತ್ತೆ, ನನಗೂ ಆಯ್ತು. ಎರಡು ನಿಮಿಷ ಅಷ್ಟೇ.

ಗಾಡಿಗೆ ಪೆಟ್ರೋಲ್ ಇದೆ ತಾನೇ?