ಪ್ರಧಾನ ವಿಷಯದ ಜೊತೆಗೆ ಇತಿಹಾಸ

ರಸಾಯನಶಾಸ್ತ್ರವನ್ನೋ ಗಣಿತವನ್ನೋ ವಾಣಿಜ್ಯವನ್ನೋ ಪ್ರಧಾನವಾಗಿ ಆರಿಸಿಕೊಂಡ ವಿದ್ಯಾರ್ಥಿಯು ಅದರ ಜೊತೆಗೆ ಇತಿಹಾಸವನ್ನು ಉಪವಿಷಯವಾಗಿ, ಎಂದರೆ ಈಗಿನ ಕಾಲೇಜಿನ ಮಾತಿನಲ್ಲಿ ‘ಮೈನರ್’ ಆಗಿ, ಓದಬಯಸಿದಾಗ, ಅದರಿಂದ ಪ್ರಯೋಜನವೇನೆಂದು ಮನೆಯ ಹಿರಿಯರು ಕೇಳುವುದು ಸಹಜ. ಅರಸರ ವಂಶಾವಳಿಯನ್ನೂ ಯುದ್ಧಗಳ ಇಸವಿಗಳನ್ನೂ ಕಂಠಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುವುದೇ ಇತಿಹಾಸವಾದ ಪಕ್ಷದಲ್ಲಿ ಪ್ರಯೋಜನ ಸ್ವಲ್ಪವೇ. ಆದರೆ ಇತಿಹಾಸವು ಸಾಕ್ಷ್ಯವನ್ನು ವಿಚಾರಣೆಗೆ ಒಳಪಡಿಸುವ ಶಾಸ್ತ್ರ. ಬೇರೊಂದು ಶಾಸ್ತ್ರದಲ್ಲಿ ಪಳಗಿದ ಬುದ್ಧಿಯು ಆ ವಿಚಾರಣೆಗೆ ಎಷ್ಟು ಉಪಕಾರಿಯೆಂಬುದಕ್ಕೆ ನಮ್ಮ ನೆಲದಲ್ಲೇ ದೃಷ್ಟಾಂತಗಳುಂಟು.

ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಕುಡತಿನಿಯೇ ಮೊದಲಾದ ಎಡೆಗಳಲ್ಲಿ ದೊಡ್ಡ ದೊಡ್ಡ ಬೂದಿಯ ದಿಬ್ಬಗಳಿವೆ. ಹಂಪೆಯ ಸಮೀಪದ ನಿಂಬಾಪುರದ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ಇಂದಿಗೂ ಭಕ್ತಿಯಿಂದ ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರಾದರೋ ಇವುಗಳ ಹುಟ್ಟನ್ನು ಕುರಿತು ನಾನಾ ಊಹೆಗಳನ್ನು ಮಾಡಿದರು. ಇವು ಪ್ರಾಚೀನ ಪಶುಪಾಲಕರ ದನಗಳ ಸಗಣಿಯು ಬೆಂದು ಉಳಿದ ಬೂದಿಯೆಂದು ದೃಢವಾಗಿ ಪ್ರತಿಪಾದಿಸಿದವರು ರಾಬರ್ಟ್ ಬ್ರೂಸ್ ಫೂಟ್. ಅವರು ವೃತ್ತಿಯಿಂದ ಇತಿಹಾಸಕಾರರಲ್ಲ, ಸರ್ಕಾರದ ಭೂವಿಜ್ಞಾನಿಗಳು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಕೆಂಪು ಜಲ್ಲಿಯ ನಡುವೆ ಕಂಡ ಒಂದು ಕಲ್ಲು ಪ್ರಕೃತಿಯಿಂದ ಒಡೆದದ್ದಲ್ಲ, ಮಾನವನು ಬುದ್ಧಿಪೂರ್ವಕವಾಗಿ ಕೆತ್ತಿದ ಆಯುಧವೆಂದು ಗುರುತಿಸಿದವರೂ ಅವರೇ. ಕಲ್ಲು ತಾನಾಗಿ ಹೇಗೆ ಒಡೆಯುತ್ತದೆಂಬುದನ್ನು ವರ್ಷಗಟ್ಟಲೆ ನೋಡಿದವನಿಗಲ್ಲದೆ ಅದು ಹಾಗೆ ಒಡೆಯಲಾರದೆಂಬ ನಿಶ್ಚಯವು ಬಾರದು. ಬೂದಿಯ ವಿಷಯದಲ್ಲಿ ಅವರ ಮಾತನ್ನು ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಪ್ರಯೋಗಾಲಯದ ಪರೀಕ್ಷೆಯೂ ಉತ್ಖನನವೂ ಸ್ಥಿರಪಡಿಸಿದವು.

ಗೋವೆಯಲ್ಲಿ ಹುಟ್ಟಿದ ದಾಮೋದರ ಧರ್ಮಾನಂದ ಕೋಸಾಂಬಿಯವರು ಗಣಿತಜ್ಞರು. ಕೈಯಿಂದ ಕೈಗೆ ನಡೆದಾಡುವ ನಾಣ್ಯವು ಕಾಲಕ್ರಮದಲ್ಲಿ ಸವೆದು ತೂಕವನ್ನು ಕಳೆದುಕೊಳ್ಳುವುದರಿಂದಲೂ, ಎಲ್ಲ ನಾಣ್ಯಗಳೂ ಒಂದೇ ಸಮನಾಗಿ ಸವೆಯದಿರುವುದರಿಂದಲೂ, ಒಂದು ನಿಧಿಯ ನಾಣ್ಯಗಳ ಸರಾಸರಿ ತೂಕವನ್ನೂ ತೂಕಗಳ ವ್ಯತ್ಯಾಸವನ್ನೂ ಗಣಿಸಿದರೆ ಅವುಗಳಲ್ಲಿ ಯಾವುವು ಹಿಂದಿನವು, ಯಾವುವು ಅನಂತರದವು ಎಂದು ತರ್ಕಿಸಬಹುದೆಂದು ಕಂಡುಕೊಂಡು, ತಕ್ಷಶಿಲೆಯ ಮುದ್ರಾಂಕಿತ ನಾಣ್ಯಗಳನ್ನು ಅವರು ಒಂದೊಂದಾಗಿ ತೂಗಿ ಪರಿಶೀಲಿಸಿದರು. ಅರಸನ ಹೆಸರೇ ಇಲ್ಲದ ಆ ಬೆಳ್ಳಿಯ ತುಣುಕುಗಳಿಗೆ ಕಾಲಾನುಕ್ರಮವನ್ನು ಕಲ್ಪಿಸಲು ನೆರವಾದದ್ದು ಸಂಖ್ಯಾಶಾಸ್ತ್ರ.

ಉಪಕಾರವು ಏಕಮುಖವಾದುದಲ್ಲ. ಮೈಸೂರು ಸಂಸ್ಥಾನದ ಜನಗಣತಿಯಲ್ಲಿ 1871ರಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆಯು 1881ರ ಹೊತ್ತಿಗೆ 42 ಲಕ್ಷಕ್ಕೂ ಕಡಮೆಯಾಯಿತು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಕೋಷ್ಟಕದ ಎರಡು ಸಾಲು. ಇತಿಹಾಸವನ್ನೂ ಓದುತ್ತಿರುವವನಿಗೆ ಆ ಎರಡು ಸಾಲುಗಳ ನಡುವೆ 1876–78ರ ಘೋರ ಕ್ಷಾಮವಿದೆ, ಒಣಗಿದ ಕೆರೆಗಳಿವೆ, ಎಣಿಸುವವರು ಬರುವುದಕ್ಕೆ ಮೊದಲೇ ಬರಿದಾದ ಮನೆಗಳಿವೆ. ಅಂಕಿಯನ್ನು ಬರೆದವರು ಯಾರು, ಯಾರ ಸಲುವಾಗಿ ಬರೆದರು, ಯಾರನ್ನು ಬಿಟ್ಟರು ಎಂದು ಕೇಳುವ ಅಭ್ಯಾಸವು ಅವನಿಗೆ ಬರುತ್ತದೆ. ಈ ಅಭ್ಯಾಸಕ್ಕಾಗಿಯೇ ಇತಿಹಾಸವನ್ನು ಓದಬೇಕೆಂದು ನಾನು ಹೇಳುವೆನು.

ಏರ್ಪಾಡಿನ ಮಾತು ಸಂಕ್ಷೇಪವಾಗಿ: ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಂತೆ ಮೂರು ವರ್ಷದ ಪದವಿಯಲ್ಲಿ ಉಪವಿಷಯಕ್ಕೆ ಮೀಸಲಾದುದು 24 ಕ್ರೆಡಿಟ್, ನಾಲ್ಕು ವರ್ಷದ್ದರಲ್ಲಿ 32. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯು 2024–25ರಲ್ಲಿ ಬದಲಾಗಿ ಮೂರು ವರ್ಷದ ಪದವಿಯು ಮರಳಿರುವುದರಿಂದ, ಯಾವುದರೊಡನೆ ಯಾವುದನ್ನು ಓದಬಹುದೆಂಬುದನ್ನು ಪ್ರವೇಶಕ್ಕೆ ಮುನ್ನವೇ ಆಯಾ ಕಾಲೇಜಿನಲ್ಲಿ ವಿಚಾರಿಸುವುದು ಕ್ಷೇಮ.

ಅವಕಾಶವು ದೊರೆತವರು ಎಲ್ಲ ಯುಗಗಳನ್ನೂ ಹಾರಿಹೋಗುವ ಸಮೀಕ್ಷೆಯ ಪತ್ರಿಕೆಗಳಿಗಿಂತ ಆಕರಗಳನ್ನೂ ಶಾಸನಗಳನ್ನೂ ಕುರಿತ ಪತ್ರಿಕೆಗಳಿಗೆ ಪ್ರಾಶಸ್ತ್ಯವನ್ನು ಕೊಡಲಿ. ಅಂಥ ಪತ್ರಿಕೆಯಿಲ್ಲದ ಕಾಲೇಜಿನವರು ಕನ್ನಡ ಸಾಹಿತ್ಯ ಪರಿಷತ್ತು ನಡೆಸುವ ಶಾಸನಶಾಸ್ತ್ರದ ತರಗತಿಯನ್ನು ಸೇರಬಹುದು. ಅದೂ ಆಗದಿದ್ದರೆ, ಬಿ. ಎಲ್. ರೈಸ್ ಅವರು ಆರಂಭಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿರುವುದರಿಂದ, ತಮ್ಮ ತಾಲ್ಲೂಕಿನ ಪುಟಗಳನ್ನು ತೆರೆದು, ಪರಿಚಿತವಾದ ಊರಿನ ಒಂದು ದಾನಶಾಸನವನ್ನು ಆರಿಸಿಕೊಂಡು, ಅಲ್ಲಿ ಕೊಟ್ಟವರು ಯಾರು, ಪಡೆದವರು ಯಾರು, ಬಿಟ್ಟ ಭೂಮಿಯೆಷ್ಟು, ತೆರಿಗೆ ಯಾವುದು ಎಂದು ಪಟ್ಟಿಮಾಡುವುದರಿಂದ ಪ್ರಾರಂಭಿಸಬಹುದು. ವಾಣಿಜ್ಯದ ವಿದ್ಯಾರ್ಥಿಗೆ ಲೆಕ್ಕವೂ, ಭೂಗೋಳದ ವಿದ್ಯಾರ್ಥಿಗೆ ಎಲ್ಲೆಕಟ್ಟುಗಳೂ, ಭಾಷೆಯ ವಿದ್ಯಾರ್ಥಿಗೆ ಹಳಗನ್ನಡವೂ ಆ ಕಲ್ಲಿನಲ್ಲಿಯೇ ಸಿಕ್ಕುತ್ತವೆ.